ಏಳನೇ ಪುಟ

ನಾಟಕ ಬರುತ್ತದಂತೆ ಎಂಬ ಸುದ್ದಿ ನಾಲ್ಕು ತಿಂಗಳಿಂದ ಬರುತ್ತಲೇ ಇತ್ತು, ನಾಟಕ ಮಾತ್ರ ಬಂದಿರಲಿಲ್ಲ. ರಾಜಧಾನಿಯಲ್ಲಿ ‘ಮೂರು ಗಂಟೆಯ ಲಾಂಚು’ ಎಂಬತ್ತು ಪ್ರಯೋಗ ದಾಟಿತ್ತು. ಇಲ್ಲಿಯವರಿಗೆ ಅದನ್ನು ಕೇಳಿ ಹೆಮ್ಮೆಯೂ ಆಗುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. “ಮುಳುಗಿದ್ದು ನಮ್ಮ ಲಾಂಚು, ಸತ್ತವರು ನಮ್ಮವರು, ಕೂತು ಅಳೋದು ಮಾತ್ರ ಅವರಾ?” ಎಂದು ಕ್ಷೌರದಂಗಡಿಯಲ್ಲೂ ಬಸ್ಸಿನಲ್ಲೂ ಜನ ಆಡಿಕೊಳ್ಳುತ್ತಿದ್ದರು. ಕೊನೆಗೊಂದು ಶನಿವಾರ ರಂಗಮಂದಿರದ ಗೋಡೆಗೆ ಕಾಗದ ಅಂಟಿತು. ಮುಂದಿನ ತಿಂಗಳ ನಾಲ್ಕರಿಂದ ಇಲ್ಲೇ ಹತ್ತು ಪ್ರಯೋಗ. ಮಧ್ಯಾಹ್ನದ ಹೊತ್ತಿಗೆ ಟಿಕೆಟ್ ಕಿಟಕಿಯ ಸಾಲು ಬೀದಿಯ ತಿರುವು ದಾಟಿತು.

ಆ ಸಾಲಿನಲ್ಲಿ ಟೈಪಮ್ಮ ಇದ್ದಳು. ಸರ್ಕಾರಿ ಕಚೇರಿಯಲ್ಲಿ ಮೂವತ್ತೆರಡು ವರ್ಷ ಬೆರಳಚ್ಚು ಮಾಡಿ ನಿವೃತ್ತಳಾದವಳು. ಊರಿನ ನಾಟಕ ತಂಡದವರಿಗೆಲ್ಲ ಪುಕ್ಕಟೆಯಾಗಿ ಸಂಭಾಷಣೆ ಟೈಪು ಮಾಡಿಕೊಡುತ್ತಿದ್ದುದರಿಂದ ಆ ಹೆಸರು ಬಿದ್ದು, ಹೆತ್ತವರಿಟ್ಟ ಹೆಸರು ಅವಳಿಗೇ ಮರೆತಂತಾಗಿತ್ತು. ಪಕ್ಕದಲ್ಲಿ ಅವಳ ಓರಗಿತ್ತಿ. ಟೈಪಮ್ಮನ ಗಂಡ ಅಣ್ಣ, ಓರಗಿತ್ತಿಯ ಗಂಡ ತಮ್ಮ. ಆ ತಮ್ಮನೇ ಮುಳುಗಿದ ಲಾಂಚಿನ ಚುಕ್ಕಾಣಿ ಹಿಡಿದಿದ್ದವನು.

ಹಿಂದೆ ನಿಂತಿದ್ದವರು ಲೆಕ್ಕದ ಮೇಷ್ಟ್ರು. ರಾಜಧಾನಿಗೆ ಹೋಗಿ ನಾಟಕ ನೋಡಿಕೊಂಡು ಬಂದ ಏಕೈಕ ಪುಣ್ಯಾತ್ಮ. ಎರಡು ತಿಂಗಳಿಂದ ಅವರ ಬಾಯಿಗೆ ಬಿಡುವಿರಲಿಲ್ಲ.

“ಉಳಿದಿದ್ದೆಲ್ಲ ಒಂದು ತೂಕ, ಏಳನೇ ಪುಟದ ದೃಶ್ಯ ಒಂದು ತೂಕ,” ಎಂದರು ಮೇಷ್ಟ್ರು. “ವಿಚಾರಣಾ ಆಯೋಗದ ಕಚೇರಿ. ಒಬ್ಬಳು ಟೈಪಿಸ್ಟು. ಹನ್ನೊಂದು ನಿಮಿಷ ಒಂದು ಮಾತಾಡಲ್ಲ, ಬರೀ ಟೈಪು ಮಾಡ್ತಾಳೆ. ಅಧಿಕಾರಿ ಹಿಂದಿನಿಂದ ಓಡಾಡ್ತಾ ಸಾಕ್ಷಿ ಹೇಳಿಕೆಯ ಏಳನೇ ಪುಟ ಮತ್ತೆ ಬರೆಸ್ತಾನೆ. ‘ಆ ಸಾಲು ಬಿಡಿ’ ಅಂತಾನೆ. ಅಷ್ಟೇ! ಇಡೀ ಸಭೆ ಉಸಿರು ಬಿಗಿಹಿಡಿದು ಕೂತಿರುತ್ತೆ.”

“ಯಾವ ಸಾಲು ಮೇಷ್ಟ್ರೇ?” ಓರಗಿತ್ತಿ ಹಿಂದಕ್ಕೆ ತಿರುಗಿ ಕೇಳಿದಳು.

ತಾನು ಯಾರ ಮುಂದೆ ಮಾತಾಡುತ್ತಿದ್ದೇನೆಂದು ಮೇಷ್ಟ್ರಿಗೆ ಆಗ ಹೊಳೆಯಿತು. “ಅದು… ನೀವೇ ನೋಡ್ತೀರಲ್ಲಮ್ಮ, ಮೊದಲೇ ಹೇಳಿದ್ರೆ ರುಚಿ ಕೆಡುತ್ತೆ,” ಎಂದು ಕನ್ನಡಕ ಒರೆಸತೊಡಗಿದರು.

ಟೈಪಮ್ಮ ಸಾಲು ಬಿಟ್ಟು ಹೊರಬಂದಳು. ಬಿಸಿಲು ಅಂತ ನೆಪ ಹೇಳಿ ಗೋಡೆಗೆ ಒರಗಿ ನಿಂತಳು. ಓರಗಿತ್ತಿಯೇ ಎರಡು ಟಿಕೆಟ್ ಕೊಂಡು ತಂದಳು. ಮೊದಲ ದಿನ, ಐದನೇ ಸಾಲು, ಅಕ್ಕಪಕ್ಕದ ಕುರ್ಚಿ.

ಹತ್ತೊಂಬತ್ತು ವರ್ಷದ ಹಿಂದೆ ನಡೆದದ್ದು ಇದು. ಆಚೆ ದಡದಲ್ಲಿ ಆಡಳಿತ ಪಕ್ಷದ ದೊಡ್ಡ ಸಭೆ. ಮೈದಾನ ತುಂಬಿಸಬೇಕೆಂದು ಈಚೆ ದಡದಿಂದ ಜನರನ್ನು ಹೇರಿ ಹೇರಿ ಕಳಿಸುತ್ತಿದ್ದರು. ಮೂರು ಗಂಟೆಗೆ ಹೊರಟ ಲಾಂಚು ನದಿಯ ಬಾಯಲ್ಲಿ ಮಗುಚಿತು. ನಲವತ್ತೊಂದು ಹೆಣ. ಚುಕ್ಕಾಣಿಗನದೂ ಸೇರಿ. ಆಯೋಗ ಕೂತಿತು, ಎದ್ದಿತು, ಚುಕ್ಕಾಣಿಗನ ಅಜಾಗರೂಕತೆಯೇ ಕಾರಣ ಎಂದು ಬರೆಯಿತು. ಜೆಟ್ಟಿಯ ಹತ್ತಿರ ನೆಟ್ಟ ಕಲ್ಲಿನಲ್ಲಿ ನಲವತ್ತೇ ಹೆಸರು ಕೆತ್ತಿದರು. ಓರಗಿತ್ತಿಯ ಮಗಳನ್ನು ಶಾಲೆಯಲ್ಲಿ ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿರಲಿಲ್ಲ. “ಅವಳಪ್ಪ ನನ್ನ ಚಿಕ್ಕಪ್ಪನ್ನ ಮುಳುಗಿಸಿದ” ಎಂದು ಒಬ್ಬ ಹುಡುಗಿ ತರಗತಿಯಲ್ಲೇ ಹೇಳಿದ್ದಳಂತೆ. ಆ ಮಗಳು ದೊಡ್ಡವಳಾಗಿ ದೂರದೂರಿಗೆ ಕೆಲಸಕ್ಕೆ ಹೋದಳು. ಹೋದವಳು ಹೆಸರಿನ ಮುಂದಿದ್ದ ಅಪ್ಪನ ಹೆಸರಿನ ಅಕ್ಷರವನ್ನೂ ತೆಗೆಸಿ ಹಾಕಿದಳು.

ಬಂದರಿನ ಗುಮಾಸ್ತನೊಬ್ಬ ಆಯೋಗದ ಮುಂದೆ ನಿಜ ಹೇಳಿದ್ದ. ಅವನ ಹೇಳಿಕೆಯ ಏಳನೇ ಪುಟ ಎರಡು ಸಲ ಟೈಪಾಯಿತು. ಎರಡು ಸಲವೂ ಟೈಪು ಮಾಡಿದವಳು, ಆಗ ಆಯೋಗದ ಕೆಲಸಕ್ಕೆ ನಿಯೋಜಿತಳಾಗಿದ್ದ ಟೈಪಮ್ಮ. ಮೊದಲ ಸಲ ಇದ್ದ ಒಂದು ಸಾಲು ಎರಡನೇ ಸಲ ಇರಲಿಲ್ಲ. ಮೊದಲಿನದರ ಕಾರ್ಬನ್ ಪ್ರತಿಯನ್ನು ಗುಮಾಸ್ತ ಹೇಗೋ ಉಳಿಸಿಕೊಂಡಿದ್ದ. ಅವನು ಸತ್ತ ಮೇಲೆ ಪೆಟ್ಟಿಗೆಯಲ್ಲಿ ಸಿಕ್ಕಿ, ಕೈ ಬದಲಾಗಿ, ನಾಟಕ ಬರೆದವಳ ಮೇಜಿಗೆ ಹೋಯಿತು. ಟೈಪು ಮಾಡಿದವಳ ಗುರುತಿಗೆ ಅದರ ಅಡಿಯಲ್ಲಿ ಹೆಸರಿನ ಎರಡಕ್ಷರ ಮಾತ್ರ ಇತ್ತು.

ಆ ಪುಟ ಎರಡನೇ ಸಲ ಟೈಪು ಮಾಡಿದ ದಿನ ಟೈಪಮ್ಮ ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದ್ದಳು. ಅವನೂ ಸರ್ಕಾರಿ ನೌಕರನೇ. “ಹೋದವನು ಹೋದ. ಇರೋರ ಬಾಯಿಗೆ ಮಣ್ಣು ಹಾಕಬೇಡ,” ಎಂದಿದ್ದ. ಆಮೇಲೆ ಸಾಯುವ ತನಕ ತಮ್ಮನ ಮನೆಯ ಹೊಸ್ತಿಲು ತುಳಿಯಲಿಲ್ಲ. ನಾಚಿಕೆಗೋ ಹೆದರಿಕೆಗೋ, ಅವನಿಗೇ ಗೊತ್ತು. ತುಳಿದವಳು ಟೈಪಮ್ಮ. ವಾರಕ್ಕೊಮ್ಮೆ ಹೋಗುವಳು, ಓರಗಿತ್ತಿಯನ್ನು ನಾಟಕಗಳಿಗೆ ಕರೆದುಕೊಂಡು ಹೋಗುವಳು, ಮಗಳಿಗೆ ಜ್ವರ ಬಂದರೆ ರಜೆ ಹಾಕಿ ಕೂರುವಳು. “ನಮ್ಮಕ್ಕನಂಥೋಳು ಯಾರಿಗೂ ಸಿಗಲ್ಲ” ಎಂದು ಓರಗಿತ್ತಿ ಕಂಡವರಿಗೆಲ್ಲ ಹೇಳುತ್ತಿದ್ದಳು. ಹಾಗೆ ಹೇಳಿದಾಗಲೆಲ್ಲ ಟೈಪಮ್ಮ ಮಾತು ಬದಲಿಸುತ್ತಿದ್ದಳು.

ಈಗ ನಾಟಕ ಬರುತ್ತಿತ್ತು. ಕತ್ತಲಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತು ಓರಗಿತ್ತಿ ಅದನ್ನು ನೋಡಬೇಕು. ಅದಕ್ಕಿಂತ ತಾನೇ ಹೇಳಿಬಿಡುವುದು ಮೇಲು ಎಂದು ತೀರ್ಮಾನಿಸಲು ಅವಳಿಗೆ ಹನ್ನೆರಡು ದಿನ ಹಿಡಿಯಿತು.

ಓರಗಿತ್ತಿ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ನೆಲಮಾಳಿಗೆಯಲ್ಲಿದ್ದ ಆ ಕೋಣೆಯಲ್ಲಿ ಒಗೆದು ಬಂದ ಹಾಸಿಗೆ ಬಟ್ಟೆ ಗುಡ್ಡದಂತೆ ಬಿದ್ದಿರುತ್ತಿತ್ತು. ಟೈಪಮ್ಮ ಅಲ್ಲಿಗೆ ಹೋದ ದಿನ ಜೊತೆ ಕೆಲಸದವಳು ಬಂದಿರಲಿಲ್ಲ. “ಸರಿಯಾದ ಹೊತ್ತಿಗೆ ಬಂದೆ ಅಕ್ಕ, ಹಿಡಿ ಆ ಕಡೆ,” ಎಂದು ಓರಗಿತ್ತಿ ಒಂದು ಬಟ್ಟೆಯ ಎರಡು ಮೂಲೆ ಅವಳ ಕೈಗೆ ಕೊಟ್ಟಳು. ಎಳೆದು, ಕೊಡವಿ, ಮಡಿಸಿ, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಸೇರಿಸುವುದು. ನಾಲ್ಕನೆಯದೋ ಐದನೆಯದೋ ಬಟ್ಟೆಗೆ ಟೈಪಮ್ಮ ಬಾಯಿಬಿಟ್ಟಳು.

“ಮೇಷ್ಟ್ರು ಹೇಳಿದ್ರಲ್ಲ, ಆ ಟೈಪಿಸ್ಟು… ಅದು ನಾನೇ ಕಣೆ.”

ಓರಗಿತ್ತಿ ನಕ್ಕಳು. “ನಿನ್ನ ಪಾತ್ರ ಬೇರೆ ಮಾಡ್ತಾರಾ ಈಗ?”

ಟೈಪಮ್ಮ ನಗಲಿಲ್ಲ. ಓರಗಿತ್ತಿಯ ನಗು ಮುಖದ ಮೇಲೆಯೇ ಆರಿತು. ಕೈ ಮಾತ್ರ ನಿಲ್ಲಲಿಲ್ಲ. ಬಟ್ಟೆ ಮಡಿಸಿ ಮುಗಿಸಿ, ಅಟ್ಟಿಯ ಮೇಲಿಟ್ಟು, ಇನ್ನೊಂದು ಎಳೆದುಕೊಂಡಳು.

“ಏನಿತ್ತು ಆ ಸಾಲಲ್ಲಿ?”

ಟೈಪಮ್ಮನಿಗೆ ಅದು ಬಾಯಿಪಾಠ. “‘ಭಾರ ಹೆಚ್ಚಾಗಿದೆ, ಇನ್ನು ಜನ ಹತ್ತಿಸಬೇಡಿ ಎಂದು ಚುಕ್ಕಾಣಿಗನು ಮೂರು ಬಾರಿ ಹೇಳಿದನು. ಸಭೆಗೆ ಹೊತ್ತಾಗುತ್ತದೆಂದು ಮೇಲಿನವರು ಅವನನ್ನು ಗದರಿಸಿ ಲಾಂಚು ಬಿಡಿಸಿದರು.’”

“ಇನ್ನೊಂದ್ಸಲ ಹೇಳು.”

ಹೇಳಿದಳು. ಮೂರನೇ ಸಲವೂ ಹೇಳಿಸಿಕೊಂಡು ಓರಗಿತ್ತಿ ತನ್ನ ಕಡೆಯ ಮೂಲೆಗಳನ್ನು ಕೈಬಿಟ್ಟಳು. ಒಗೆದ ಬಟ್ಟೆ ನೆಲಕ್ಕೆ ಬಿತ್ತು.

“ನನ್ನ ಮಗಳಿಗೆ ಆಗ ಒಂಬತ್ತು ವರ್ಷ,” ಎಂದಳು. “ಅಪ್ಪ ಕುಡಿದಿದ್ರಾ ಅಮ್ಮ ಅಂತ ಕೇಳೋಳು. ನನಗೂ ಗೊತ್ತಿರಲಿಲ್ಲ. ಕುಡಿದಿದ್ರೋ ಏನೋ ಅಂತ ನಾನೂ ಅನುಮಾನಪಟ್ಟೆ. ಹತ್ತೊಂಬತ್ತು ವರ್ಷ ಅನುಮಾನಪಟ್ಟೆ. ಅವಳು ಹಾಗೆ ಕೇಳಿದಾಗ ನೀನು ಅಲ್ಲೇ ಕೂತಿದ್ದೆ ಅಕ್ಕ. ಅವಳ ತಲೆ ಬಾಚ್ತಿದ್ದೆ.”

“ಹೌದು.”

“ಈಗ ಹೋಗು.”

ಆಮೇಲೆ ಹತ್ತು ದಿನ ಅವಳಿಂದ ಒಂದು ಮಾತಿಲ್ಲ. ಟೈಪಮ್ಮ ಎರಡು ಸಲ ಹೋಗಿ ಮುಚ್ಚಿದ ಬಾಗಿಲು ನೋಡಿಕೊಂಡು ಬಂದಳು. ಒಳಗೆ ನಲ್ಲಿಯ ಸದ್ದು ಕೇಳುತ್ತಿತ್ತು.

ಅಷ್ಟರಲ್ಲಿ ಊರಲ್ಲಿ ಹೊಸ ಗುಲ್ಲು. ಪ್ರದರ್ಶನಕ್ಕೆ ಪರವಾನಗಿ ಸಿಕ್ಕಿತ್ತು, ಆದರೆ ಕತ್ತರಿ ಹಾಕಿಯೇ ಕೊಟ್ಟಿದ್ದರು. ಮೇಷ್ಟ್ರು ಮನೆ ಬಾಗಿಲಿಗೇ ಬಂದು ಹೇಳಿದರು: “ಬದುಕಿರೋರ ಮಾನ ಹೋಗುತ್ತಂತೆ. ಅಧಿಕಾರಿ ಪಾತ್ರ ಪೂರ್ತಿ ತೆಗೆಸಿದ್ದಾರೆ. ಆತ ಈಗ ಎಲ್ಲಿದಾನೆ ನೋಡಿ, ಮಂತ್ರಿಗಳೂ ಎದ್ದು ನಿಂತು ಮಾತಾಡಿಸೋ ಜಾಗದಲ್ಲಿ! ಆಡದೇ ಹೋಗೋದಕ್ಕಿಂತ ಉಳಿದದ್ದನ್ನೇ ಆಡೋಣ ಅಂತ ತಂಡದವರು ಒಪ್ಪಿಕೊಂಡ್ರಂತೆ. ಮೂಗು ಕೊಯ್ದ ಮೇಲೆ ಕನ್ನಡಿ ಕೊಟ್ಟ ಹಾಗೆ.”

“ಮತ್ತೆ ಟೈಪಿಸ್ಟು?”

“ಅವಳ ಮಾನ ಯಾರಿಗೆ ಬೇಕಮ್ಮ? ಅವಳಿದಾಳೆ.”

ನಾಲ್ಕನೇ ತಾರೀಕು ಸಂಜೆ ರಂಗಮಂದಿರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸತ್ತವರ ಮನೆಯವರು ಬಹಳ ಜನ ಬಂದಿದ್ದರು. ಅವರು ನಾಟಕಕ್ಕೆ ಬಂದವರಂತೆ ಹರಟದೆ, ವೈದ್ಯರ ಕೋಣೆಯ ಹೊರಗೆ ಕಾಯುವವರಂತೆ ಕೂತಿದ್ದರು. ಓರಗಿತ್ತಿ ಬರಲಾರಳು ಎಂದುಕೊಂಡಿದ್ದ ಟೈಪಮ್ಮನ ಪಕ್ಕದ ಕುರ್ಚಿಯಲ್ಲಿ ನಾಟಕ ಶುರುವಾಗುವ ಮೂರನೇ ಗಂಟೆ ಹೊಡೆಯುವಾಗ ಅವಳು ಬಂದು ಕೂತಳು. ನೋಟ ನೇರ ಪರದೆಯ ಮೇಲೆ.

ಏಳನೇ ಪುಟದ ದೃಶ್ಯ ಬಂತು. ಗುಮಾಸ್ತ ಮುಂದೆ ಬಂದು ಆ ಸಾಲನ್ನು ಗಟ್ಟಿಯಾಗಿ ಓದಿ ಒಳಗೆ ಹೋದ. ರಂಗದ ಮೇಲೆ ಮೇಜು, ಯಂತ್ರ, ಒಬ್ಬಳೇ ಹೆಂಗಸು. ಅವಳು ಯಂತ್ರದಿಂದ ಹಾಳೆ ಎಳೆದು ಹರಿದಳು. ಹೊಸ ಹಾಳೆ ಹಾಕಿದಳು. ಟೈಪು ಮಾಡತೊಡಗಿದಳು. ಹಿಂದೆ ಓಡಾಡುವವನಿಲ್ಲ, ಬಿಡಿ ಎನ್ನುವವನಿಲ್ಲ. ಎಲ್ಲ ಅವಳೇ ಯೋಚಿಸಿ, ಅವಳೇ ಮಾಡಿದಂತೆ ಕಾಣುತ್ತಿತ್ತು. ಸಭೆಯಲ್ಲಿ ಗೊಣಗು ಶುರುವಾಯಿತು. “ಥೂ, ಪಾಪಿ!” ಎಂದು ಬಾಲ್ಕನಿಯಿಂದ ಒಬ್ಬ ಕೂಗಿದ. ಟೈಪಮ್ಮನ ಹಿಂದೆ ಕೂತಿದ್ದ ಹೆಂಗಸು, “ಎಷ್ಟು ತಿಂದಿದ್ಲೋ ಮುಂಡೇದು,” ಎಂದು ಹಲ್ಲು ಕಡಿದಳು.

ಓರಗಿತ್ತಿ ಟೈಪಮ್ಮನ ಕಿವಿಯ ಹತ್ತಿರ ಬಾಗಿದಳು. ಹತ್ತು ದಿನಗಳ ಮೇಲೆ ಮೊದಲ ಮಾತು.

“ನೀನೊಬ್ಬಳೇ ಇದ್ದೆಯಾ ಆ ಕೋಣೇಲಿ?”

“ಇಲ್ಲ.”

“ಆ ಅಧಿಕಾರಿಯೂ ಇದ್ದನಾ?”

“ಹಿಂದೇನೇ ನಿಂತಿದ್ದ. ‘ಸತ್ತೋನು ನಿಮ್ಮ ಮೈದುನ ಅಂತ ಗೊತ್ತು, ಅದಕ್ಕೇ ನಿಮ್ಮ ಕೈಲೇ ಮಾಡಿಸ್ತಿರೋದು, ಆಮೇಲೆ ನೀವು ಬಾಯಿಬಿಡಲ್ಲ’ ಅಂದ.”

“ಇದನ್ನ ಅವತ್ತು ಬಟ್ಟೆ ಮಡಿಸೋವಾಗ ಯಾಕೆ ಹೇಳಲಿಲ್ಲ?”

“ನೆಪ ಹೇಳಿದ ಹಾಗಾಗುತ್ತೆ ಅಂತ.”

“ಎದ್ದು ಹೇಳು.”

“ಈಗಲಾ?”

“ಹತ್ತೊಂಬತ್ತು ವರ್ಷ ಆಯ್ತು. ಇನ್ನೂ ಮುಹೂರ್ತ ನೋಡ್ಬೇಕಾ?”

ಟೈಪಮ್ಮ ಎದ್ದಳು. ಕೂತುಕೊಳ್ಳಿ ಎಂದು ಹಿಂದಿನವರು ಗದರಿದರು. ಜೀವಮಾನದಲ್ಲಿ ನಾಲ್ಕು ಜನರೆದುರು ದನಿ ಎತ್ತಿದವಳಲ್ಲ ಅವಳು. ಮೊದಲ ಮಾತು ಗಾಳಿಯಾಗಿಯೇ ಹೋಯಿತು. ಎರಡನೇ ಸಲ ಕೇಳಿಸಿತು.

“ಆ ಟೈಪಿಸ್ಟು ನಾನು. ಅಲ್ಲಿ ನಾನೊಬ್ಬಳೇ ಇರಲಿಲ್ಲ.”

ರಂಗದ ಮೇಲೆ ಟೈಪು ನಿಂತಿತು. ಟೈಪಮ್ಮ ಅಧಿಕಾರಿಯ ಪೂರ್ತಿ ಹೆಸರು ಹೇಳಿದಳು, ಅಂದಿನ ಹುದ್ದೆ ಹೇಳಿದಳು, ಮೂರನೇ ಮಹಡಿಯ ಕೋಣೆಯ ಸಂಖ್ಯೆ ಹೇಳಿದಳು, ಅವನು ಆಡಿದ ಮಾತನ್ನು ಆಡಿದಂತೆಯೇ ಹೇಳಿದಳು. “ಅವನು ಹೇಳಿದ, ನಾನು ಮಾಡಿದೆ. ನಾನು ಮಾಡಿದ್ದೂ ನಿಜ,” ಎಂದು ಮುಗಿಸಿ ಕುರ್ಚಿಯ ಬೆನ್ನು ಹಿಡಿದು ನಿಂತಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೋ ಅಳುತ್ತಿದ್ದರು. ಬಾಲ್ಕನಿಯಿಂದ ಒಂದು ನೀರಿನ ಬಾಟಲಿ ಹಾರಿ ಬಂದು ಅವಳ ಭುಜಕ್ಕೆ ಬಡಿಯಿತು. ಅಷ್ಟರಲ್ಲಿ ದೀಪ ಹತ್ತಿದವು. ಬಾಗಿಲಲ್ಲಿದ್ದ ಪೊಲೀಸರು ಒಳಗೆ ಬಂದರು. ಉಳಿದ ನಾಟಕ ಅಂದು ನಡೆಯಲಿಲ್ಲ. ಉಳಿದ ಒಂಬತ್ತು ಪ್ರಯೋಗವೂ ನಡೆಯಲಿಲ್ಲ. ಶಾಂತಿಭಂಗದ ಕಾರಣ ಕೊಟ್ಟು ಮಾರನೇ ಬೆಳಗ್ಗೆ ಗೋಡೆಯ ಕಾಗದದ ಮೇಲೆ ಇನ್ನೊಂದು ಕಾಗದ ಅಂಟಿಸಿದರು. ತಂಡದ ಲಾರಿ ಮಧ್ಯಾಹ್ನವೇ ಹೊರಟುಹೋಯಿತು.

ಪತ್ರಿಕೆಗಳಲ್ಲಿ ಹೆಸರು ಬರಲಿಲ್ಲ. ‘ಪ್ರೇಕ್ಷಕಿಯೊಬ್ಬಳಿಂದ ಗದ್ದಲ’ ಎಂದಷ್ಟೇ ಬಂತು. ಒಂದು ವಾರಕ್ಕೆ ಟೈಪಮ್ಮನಿಗೆ ನೋಟಿಸು ಬಂತು. ಸರ್ಕಾರಿ ದಾಖಲೆ ತಿದ್ದಿದ ಆರೋಪ. ಅಧಿಕಾರಿ ಹಿಂದೆ ನಿಂತಿದ್ದಕ್ಕೆ ಪುರಾವೆ ಇರಲಿಲ್ಲ. ಅವನು ಎಲ್ಲೂ ಸಹಿ ಹಾಕಿರಲಿಲ್ಲ. ಹಾಳೆಯ ಅಡಿಯಲ್ಲಿದ್ದದ್ದು ಅವಳ ಎರಡಕ್ಷರ ಮಾತ್ರ. “ನಿಮ್ಮ ಕೈಲೇ ನೀವು ಕೊರಳು ಕೊಟ್ರಲ್ಲಮ್ಮ,” ಎಂದು ಮೇಷ್ಟ್ರು ಬಂದು ಪೇಚಾಡಿದರು. ನಾಟಕ ನೋಡುವ ಗೆಳೆಯರಲ್ಲಿ ಮನೆಗೆ ಬಂದವರು ಅವರೊಬ್ಬರೇ.

ಠಾಣೆಗೆ ಹೋಗಬೇಕಾದ ದಿನ ಬಾಗಿಲು ತೆರೆದರೆ ಓರಗಿತ್ತಿ ನಿಂತಿದ್ದಳು.

“ನಿನ್ನ ಕ್ಷಮಿಸಿದ್ದೀನಿ ಅಂದ್ಕೋಬೇಡ,” ಎಂದಳು. “ಮಗಳಿಗೆ ಫೋನು ಮಾಡಿ ಹೇಳಿದೆ. ಅವಳು ನಿನ್ನ ಜೊತೆ ಮಾತಾಡಲ್ಲ. ಯಾವತ್ತೂ ಆಡಲ್ಲ ಅಂದ್ಲು. ಆದರೆ ಆ ಸಾಲು ಕಂಡೋರು, ಅವನ ಮಾತು ಕೇಳಿಸ್ಕೊಂಡೋರು, ಈಗ ಜೀವದಿಂದ ಇರೋದು ನೀನೊಬ್ಬಳೇ. ನಿನ್ನ ಒಬ್ಬಳನ್ನೇ ಅಲ್ಲಿಗೆ ಕಳಿಸೋಕೆ ನನಗೆ ಧೈರ್ಯ ಇಲ್ಲ. ನಡಿ.”

ನಾಲ್ಕು ತಾಸು ಒಳಗೆ ಕೂರಿಸಿ ಕೇಳಿದ್ದನ್ನೇ ಕೇಳಿದರು. ನಾಟಕದವರು ಹೇಳಿಕೊಟ್ಟರಾ, ಯಾವ ಪಕ್ಷದವರು ಕಳಿಸಿದರು, ಆ ಹೆಸರು ಹೇಳಿದ್ದು ತಪ್ಪಾಯಿತೆಂದು ಬರೆದುಕೊಟ್ಟರೆ ಉಳಿದದ್ದು ನೋಡೋಣ. ಟೈಪಮ್ಮ ಬರೆದುಕೊಡಲಿಲ್ಲ. ಹೊರಗೆ ಬಂದಾಗ ಓರಗಿತ್ತಿ ಅದೇ ಬೆಂಚಿನ ಮೇಲೆ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ಏನಂತೆ?”

“ಮುಂದಿನ ತಿಂಗಳು ಹನ್ನೆರಡಕ್ಕೆ ಮತ್ತೆ ಬರ್ಬೇಕಂತೆ.”

ಓರಗಿತ್ತಿ ಚೀಲ ಹೆಗಲಿಗೆ ಹಾಕಿಕೊಂಡಳು. “ಅವತ್ತು ನನಗೆ ಬೆಳಗಿನ ಪಾಳಿ. ಬದಲಾಯಿಸ್ಕೊಳ್ತೀನಿ,” ಎಂದು ಎದ್ದು, ಟೈಪಮ್ಮನಿಗೆ ಕಾಯದೆ, ಬಸ್‌ನಿಲ್ದಾಣದ ಕಡೆ ಹೆಜ್ಜೆ ಹಾಕಿದಳು.