ಬಂಡೆಗೆ ಒಂದು ನೆರಳು

ಮೂರು ಬಣ್ಣ ಮುಗಿಸಿಕೊಟ್ಟು ಹೋಗುತ್ತೇನೆ ಎಂದಿದ್ದ ನಟರಾಜು.

ಹೆಂಡತಿಯನ್ನು ಬಿಟ್ಟು ಹೊರಟವನು ಹೀಗೂ ಗಡುವು ಹೇಳುವುದುಂಟೇ ಎಂದು ಕೇಳಿದವರಿಗೆ ಅನ್ನಿಸಬಹುದು. ಆದರೆ ಅವನಿಗೂ ಸಿರಿಗೂ ಕಾಲದ ಲೆಕ್ಕವಿದ್ದುದೇ ಹಾಗೆ. ಸ್ಕ್ರೀನ್ ಪ್ರಿಂಟಿಂಗ್ ಕೆಲಸದಲ್ಲಿ ಒಂದು ಬಣ್ಣ ಒತ್ತಿದರೆ ಅದು ಒಣಗುವವರೆಗೆ ಇನ್ನೊಂದನ್ನು ಮುಟ್ಟುವಂತಿಲ್ಲ. ಒಂದು ಬಣ್ಣವೆಂದರೆ ಒಂದು ದಿನ. ಹಳದಿ, ಕೆಂಪು, ಕಪ್ಪು. ಕಪ್ಪು ಒತ್ತಿ ಮುಗಿದ ಮೇಲೆ ಅವನು ಕನಕಪುರದ ಬಸ್ಸು ಹತ್ತುವವನಿದ್ದ. ಅಲ್ಲಿ ಲಗ್ನಪತ್ರಿಕೆ, ಬಟ್ಟೆ ಚೀಲಗಳಿಗೆ ಅಚ್ಚು ಹಾಕುವ ಅಂಗಡಿಯೊಂದರಲ್ಲಿ ಕೆಲಸ ಗೊತ್ತಾಗಿತ್ತು, ಅಂಗಡಿಯ ಹಿಂದೆಯೇ ಒಂದು ಕೋಣೆಯೂ ಇತ್ತು.

ಅವರ ಕಾರ್ಖಾನೆ ಎಂದರೆ ರಾಮನಗರದಲ್ಲಿ ಖತೀಜಾ ಬಿ ಅವರ ಮನೆಯ ಮಹಡಿ. ಹಿಂದೆ ಅಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರು. ಬಿಸಿಲು ಏರಿದರೆ ಇವತ್ತಿಗೂ ಗೋಡೆಯಿಂದ ಬೇಯಿಸಿದ ಗೂಡಿನ ವಾಸನೆ ಬರುತ್ತಿತ್ತು. ಆರ್ಟ್ ಕಾಲೇಜಿನಲ್ಲಿ ಜೊತೆಗೆ ಓದಿದ ಇಬ್ಬರೂ ಮದುವೆಯಾಗಿ, ಮಹಡಿಯ ಹಿಂದಿನ ಕೋಣೆಯಲ್ಲಿ ಸಂಸಾರ ಹೂಡಿ, ಮುಂದಿನ ಹಜಾರದಲ್ಲಿ ಮೇಜು ಹಾಕಿಕೊಂಡಿದ್ದರು. ರಾಮನಗರದ ಬಂಡೆಗಳು, ಅವುಗಳ ಮೇಲೆ ಕೂರುವ ರಣಹದ್ದು, ಚಕ್ಕಡಿ, ಬುಗುರಿ, ಇವುಗಳ ಚಿತ್ರಗಳನ್ನು ಕೈಯಿಂದಲೇ ಅಚ್ಚು ಹಾಕಿ ಚನ್ನಪಟ್ಟಣದ ಬೊಂಬೆ ಅಂಗಡಿಗಳಿಗೆ ಕೊಡುತ್ತಿದ್ದರು. ಮರದ ಕುದುರೆಗಳ ನಡುವೆ ಕ್ಲಿಪ್ ಹಾಕಿ ನೇತುಹಾಕಿದ ಆ ಚಿತ್ರಗಳ ಮುಂದೆ ನಿಂತವರಲ್ಲಿ ಕೆಲವರು ಕೊಳ್ಳುತ್ತಿದ್ದರು. ಹೆದ್ದಾರಿ ಊರ ಹೊರಗೆ ಹೋದ ಮೇಲೆ ನಿಲ್ಲುವವರೇ ಕಡಿಮೆಯಾದರು. ಆಮೇಲೆ ಕೈಹಿಡಿದದ್ದು ಹಾಡುಗಾರರ ಪೋಸ್ಟರುಗಳು. ಗಿಟಾರಿನ ಜೊತೆ ತಂಬೂರಿ ಹಿಡಿದು ತತ್ವಪದ ಹಾಡುವ ಹುಡುಗರು ತಮ್ಮ ಕಾರ್ಯಕ್ರಮಕ್ಕೆ ಕೈಯಲ್ಲಿ ಅಚ್ಚಾದ ಪೋಸ್ಟರೇ ಬೇಕೆಂದು ಬರುತ್ತಿದ್ದರು. ಹಾಡು ಕೇಳಲು ಬಂದವರು ಹೋಗುವಾಗ ಒಂದೊಂದು ಕೊಂಡು, ಮನೆಯಲ್ಲಿ ಕಟ್ಟು ಹಾಕಿಸಿ ಇಟ್ಟುಕೊಳ್ಳುತ್ತಿದ್ದರು.

ಅದು ಇಬ್ಬರು ಮಾಡುವ ಕೆಲಸ. ಬಲೆ ಬಿಗಿದ ಚೌಕಟ್ಟು ಮೇಜಿಗೆ ಕೀಲಿನ ಮೇಲೆ ಕೂತಿರುತ್ತದೆ. ಅವನು ಚೌಕಟ್ಟನ್ನು ಎತ್ತಿ ಹಿಡಿದರೆ ಅವಳು ಕಾಗದ ಇಡಬೇಕು. ಅವನು ಇಳಿಸಿ, ರಬ್ಬರಿನ ಪಟ್ಟಿಯಿಂದ ಬಣ್ಣ ಎಳೆದು, ಮತ್ತೆ ಎತ್ತಿದರೆ ಅವಳು ಕಾಗದ ತೆಗೆದು ಹಗ್ಗಕ್ಕೆ ಸಿಕ್ಕಿಸಬೇಕು. ಮಾತು ಬೇಕಾಗುತ್ತಿರಲಿಲ್ಲ. ಅವನ ಮೊಣಕೈ ಎತ್ತ ತಿರುಗುತ್ತದೆಂದು ಅವಳ ಕೈಗೆ ಮೊದಲೇ ಗೊತ್ತಿರುತ್ತಿತ್ತು.

ಮತ್ತೆ ಅವಳ ಕಣ್ಣು. ಕೊರಳಿಗೆ ಕಟ್ಟಿಕೊಂಡ ಪುಟ್ಟ ಭೂತಗನ್ನಡಿಯಿಂದ ಅವಳು ಪ್ರತಿಯೊಂದು ಹಾಳೆಯನ್ನೂ ನೋಡುತ್ತಿದ್ದಳು. ಕೆಂಪು ಕೂದಲೆಳೆಯಷ್ಟು ಹಳದಿಯ ಆಚೆ ಕೂತಿದ್ದರೂ ಆ ಹಾಳೆ ಪಕ್ಕಕ್ಕೆ ಹೋಗುತ್ತಿತ್ತು. ಅವರ ಕೆಲಸಕ್ಕೆ ಹೆಸರು ಬಂದದ್ದೇ ಆ ಕಣ್ಣಿನಿಂದ. ಅದೇ ಕಣ್ಣು ಯಾವಾಗ ನಟರಾಜುವಿನ ಮೇಲೆ ಬೀಳತೊಡಗಿತೋ ಅವಳಿಗೇ ತಿಳಿಯದು. ಚನ್ನಪಟ್ಟಣದಿಂದ ಬರಲು ಇಷ್ಟು ಹೊತ್ತೇಕೆ, ಫೋನಿನಲ್ಲಿ ಯಾರ ಜೊತೆ ನಗುತ್ತಿದ್ದ, ಊಟದಲ್ಲಿ ಮಾತು ಕಡಿಮೆಯಾಯಿತಲ್ಲ. ಮೊದಲು ಕೇಳುತ್ತಿದ್ದಳು. ಕೇಳಿದರೆ ಅವನು ಹೇಳುತ್ತಿದ್ದ. ಹೇಳಿದ್ದು ಸಾಲದೆ, ಅವನ ಮಾತನ್ನು ಬೆಳಕಿಗೆ ಹಿಡಿದು ನೋಡಿದಂತೆ ಮತ್ತೆ ನೋಡುತ್ತಿದ್ದಳು. ಕಳೆದ ತಿಂಗಳು ಅವನು ಸ್ನಾನಕ್ಕೆ ಹೋದಾಗ ಅವನ ಮೊಬೈಲ್ ತೆಗೆದಳು. ಅಣ್ಣನ ರೇಷ್ಮೆಹುಳದ ಫೋಟೋಗಳು, ಕಾಗದದ ಅಂಗಡಿಯವನ ಸಂದೇಶ, ಅವನ ಊರು ಉಯ್ಯಂಬಳ್ಳಿಯ ಗೆಳೆಯರ ಪೋಲಿ ಹರಟೆ. ಮತ್ತೇನೂ ಇರಲಿಲ್ಲ. ತಲೆಯೆತ್ತಿದಾಗ ಅವನು ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. ಬೈಯಲಿಲ್ಲ. ಬಂದು ಅಂಗಿ ತೊಟ್ಟುಕೊಂಡ.

"ಯಾರಾದ್ರೂ ಇದ್ದಿದ್ರೆ ನಿಂಗೆ ಸಮಾಧಾನ ಆಗೋದೇನೋ," ಎಂದ ಗುಂಡಿ ಹಾಕಿಕೊಳ್ಳುತ್ತ. "ಯಾರೂ ಇಲ್ಲ ಕಣೆ. ನಂಗೆ ಉಸ್ರು ಕಟ್ತಾ ಐತೆ, ಅಷ್ಟೇಯ."

ಹೋಗುವ ಮಾತು ಬಂದದ್ದು ಆಮೇಲೆ. ಅಷ್ಟರಲ್ಲಿ ಚನ್ನಪಟ್ಟಣದ ಫರ್ಹಾನ್ ತನ್ನ ತಂಡದ ಕಾರ್ಯಕ್ರಮಕ್ಕೆ ಪೋಸ್ಟರು ಹೇಳಿಹೋಗಿದ್ದ. ಒಪ್ಪಿಕೊಂಡ ಕೆಲಸವನ್ನು ನಡುವೆ ಬಿಡುವವನಲ್ಲ ನಟರಾಜು. ಅದನ್ನು ನೆನೆದು ಸಿರಿಗೆ ಒಳಗೊಳಗೇ ಒಂದು ಆಸೆ ಹುಟ್ಟಿತ್ತು. ಎದುರುಬದುರು ನಿಂತು ಇಷ್ಟು ಕೆಲಸ ಮಾಡಿದ ಮೇಲೆ ಅವನ ಮನಸ್ಸು ಕರಗದೇ ಇದ್ದೀತೇ?

ಹಳದಿಯ ದಿನ ಇಬ್ಬರೂ ಕಾಗದದ ಮಾತನ್ನಷ್ಟೇ ಆಡಿದರು. ಪೋಸ್ಟರಿನ ಬಂಡೆಯ ಹಿಂದಿನ ಸಂಜೆಯ ಆಕಾಶ ಹಾಳೆಹಾಳೆಯಾಗಿ ಹಗ್ಗ ತುಂಬಿತು.

ಕೆಂಪಿನ ದಿನ ಫರ್ಹಾನ್ ಬಂದ. ಬೊಂಬೆ ಮಾಡುವವರ ಮನೆಯ ಹುಡುಗ, ಬಾಯಿ ಸುಮ್ಮನಿರದು. ಹಾಳೆಯ ಮೇಲೆ ಬಾಗಿದ್ದ ಸಿರಿಯನ್ನು ನೋಡಿ ನಕ್ಕ.

"ಅಕ್ಕ, ನಮ್ಮಪ್ಪ ಹುಟ್ಟಿದಾಗಿಂದ ಬೊಂಬೆ ಮಾಡ್ತಾವ್ರೆ. ಒಂದು ದಿನಾನೂ ಕನ್ನಡಕ ಹಾಕ್ಕೊಂಡು ಬೊಂಬೆ ನೋಡಿಲ್ಲ. ನೀವು ಅದ್ರೊಳಗೆ ಏನ್ ಹುಡುಕ್ತೀರ?"

"ತಪ್ಪು," ಎಂದಳು ಸಿರಿ.

"ಸಿಕ್ತಾ?"

"ಸಿಕ್ಕೋಗಂಟ ಬುಡಾಕಿಲ್ಲ ಕಣ್ಲಾ ಅವ್ಳು," ಎಂದ ನಟರಾಜು, ಪಟ್ಟಿಗೆ ಮೆತ್ತಿದ ಬಣ್ಣ ಕೆರೆಯುತ್ತ. ನಗುತ್ತಲೇ ಹೇಳಿದ್ದ. ಸಿರಿ ಕನ್ನಡಿಯನ್ನು ಕಣ್ಣಿನಿಂದ ತೆಗೆಯಲಿಲ್ಲ. ತೆಗೆದಿದ್ದರೆ ಕಣ್ಣು ಕಾಣುತ್ತಿತ್ತು.

ಅವತ್ತು ಸಂಜೆ ಸಿರಿ ನೀರಿನ ಮೋಟರ್ ಹಾಕಲು ಕೆಳಗಿಳಿದಾಗ ಖತೀಜಾ ಬಿ ಮೆಟ್ಟಿಲ ಮೇಲೆ ಸೊಪ್ಪು ಸೋಸುತ್ತ ಕೂತಿದ್ದರು.

"ಏನಮ್ಮಾ ಸಿರಿ, ಮೇಲೆ ಸದ್ದೇ ಇಲ್ಲ. ಮುಂಚೆ ಜಗಳ ಆಡ್ತಿದ್ರಿ, ಮೇಲೆ ಜನ ಇದಾರೆ ಅನ್ನಿಸ್ತಿತ್ತು."

"ಕೆಲಸ ಜಾಸ್ತಿ ಖತೀಜಮ್ಮ."

"ಕೆಲಸ ಇರ್ಲಿ. ನಗೋದೂ ಇಲ್ವಲ್ಲ," ಎಂದು ಅವರು ಸೊಪ್ಪಿನ ಕಡ್ಡಿ ಮುರಿದರು.

ಕಪ್ಪಿನ ದಿನ ಬೆಳಿಗ್ಗೆ ಸಿರಿ ಹಜಾರಕ್ಕೆ ಬಂದಾಗ ನಟರಾಜು ಮೇಜಿನ ಪಕ್ಕ ಮಂಡಿಯೂರಿ ಕೂತು ಏನನ್ನೋ ತಿರುಗಿಸುತ್ತಿದ್ದ. ಹಾಲೆಮರದ ಒಂದು ಕಡ್ಡಿ. ಚನ್ನಪಟ್ಟಣದ ಬೊಂಬೆಯವರ ಹತ್ತಿರ ಕಡೆಸಿ ತಂದಿರಬೇಕು, ಬೊಂಬೆಯ ಕಾಲಿನಂತೆ ನುಣ್ಣಗಿತ್ತು. ಅದನ್ನು ಚೌಕಟ್ಟಿನ ಪಕ್ಕಕ್ಕೆ ಒಂದೇ ಒಂದು ಸ್ಕ್ರೂ ಹಾಕಿ ಸಡಿಲವಾಗಿ ಕೂರಿಸಿದ. ಎದ್ದು ಚೌಕಟ್ಟನ್ನು ಎತ್ತಿದ. ಕಡ್ಡಿ ತನ್ನ ಭಾರಕ್ಕೆ ತಾನೇ ಕೆಳಗೆ ಜೋತು, ಮೇಜಿಗೆ ಊರಿಕೊಂಡು ನಿಂತಿತು. ಅವನು ಕೈಬಿಟ್ಟ. ಚೌಕಟ್ಟು ಬೀಳಲಿಲ್ಲ.

"ಇದೇನು?"

"ಒಬ್ರೇ ಮಾಡ್ಬೋದು ಈಗ. ಎತ್ತಿದ್ರೆ ಅದೇ ಹಿಡ್ಕತ್ತೈತೆ. ನೀನು ಎರಡೂ ಕೈಲಿ ಕಾಗ್ದ ತಗೀಬೋದು." ಇನ್ನೊಂದು ಸಲ ಎತ್ತಿ ತೋರಿಸಿದ. "ಇಳ್ಸೋವಾಗ ಬೆರಳಲ್ಲಿ ಒಸಿ ತಳ್ಳು, ಸಾಕು."

ಸಿರಿ ನೋಡುತ್ತ ನಿಂತಳು. ಅವನು ಬೈದು ಹೋಗಿದ್ದರೆ, ಬಾಗಿಲು ಬಡಿದು ಹೋಗಿದ್ದರೆ, ನಾಲ್ಕು ದಿನಕ್ಕೆ ತಣ್ಣಗಾಗಿ ಬಂದಾನು ಎಂದು ಕಾಯಬಹುದಿತ್ತು. ತಾನಿಲ್ಲದ ಮೇಲೆ ಕೆಲಸ ನಡೆಯಲೆಂದು ಕಡ್ಡಿ ಕಡೆಸಿ ತಂದವನು ತಿರುಗಿ ಬರುವವನಲ್ಲ.

ಕಪ್ಪು ಒತ್ತುವಾಗ ಅವಳು ಎರಡು ಸಲ ಕಾಗದವನ್ನು ಓರೆಯಾಗಿ ಇಟ್ಟು, ತೆಗೆದು, ಮತ್ತೆ ಇಟ್ಟಳು. ಬಂಡೆಯ ಬುಡದಲ್ಲಿ ತಂಬೂರಿ ಹಿಡಿದು ಕೂತವನು ಮೂಡಿದ, ಊರು ಮೂಡಿತು, ದಿನಾಂಕ ಮೂಡಿತು. ಕೊನೆಯ ಹಾಳೆ ಹಗ್ಗಕ್ಕೆ ಹೋದ ಮೇಲೆ ನಟರಾಜು ಸೀಮೆಎಣ್ಣೆಯ ಬಟ್ಟೆಯಿಂದ ಕೈ ಒರೆಸಿಕೊಂಡ.

"ಇನ್ನೊಂದು ಬಣ್ಣ ಬೇಕು," ಎಂದಳು ಸಿರಿ.

ಅವನು ತಿರುಗಿ ನೋಡಿದ. "ಫರ್ಹಾನು ಮೂರೇ ಅಂದಿದ್ನಲ್ಲ."

"ಅವನು ಅಂದ. ಬಂಡೆ ಚಪ್ಪಟೆ ಕಾಣ್ತಿದೆ. ಅದಕ್ಕೊಂದು ನೆರಳು ಬೇಕು. ತೆಳ್ಳಗೆ."

ಬಂಡೆ ಚಪ್ಪಟೆಯಾಗಿರಲಿಲ್ಲ. ಅವಳಿಗೆ ಗೊತ್ತಿತ್ತು. ಅವನು ಹಗ್ಗದಲ್ಲಿ ತೂಗುತ್ತಿದ್ದ ಹಾಳೆಗಳನ್ನು ಒಂದಾದ ಮೇಲೊಂದು ನೋಡಿದ. ಅಷ್ಟು ನಿಧಾನವಾಗಿ ನೋಡುವುದು ಅವನ ಅಭ್ಯಾಸವಲ್ಲ.

"ಇದು ಒಣಗ್ಬೇಕಲ್ಲ," ಎಂದ.

"ನಾಳೆ ಹೊತ್ತಿಗೆ ಒಣಗಿರುತ್ತೆ."

"ಹೂಂ," ಎಂದ ಅವನು. "ನಾಳೆ."

ನೆರಳಿನ ಬಣ್ಣವನ್ನು ಅವಳೇ ಕಲಸಿದಳು. ಬೂದು ಬಣ್ಣಕ್ಕೆ ಮೀಡಿಯಂ ಬೆರೆಸಿದಳು, ಬಣ್ಣವನ್ನು ತಿಳಿ ಮಾಡಲು ಹಾಕುವ ಜೆಲ್ಲಿಯಂಥ ವಸ್ತು ಅದು. ಇನ್ನಷ್ಟು ಬೆರೆಸಿದಳು. ಚಿತ್ರ ಕೆಡಬಾರದು. ಮೂರು ಬಣ್ಣದಲ್ಲಿ ಅದು ಪೂರ್ತಿಯಾಗಿತ್ತು, ನಾಲ್ಕನೆಯದು ಕಂಡರೆ ಕೆಟ್ಟೇ ಕೆಡುತ್ತಿತ್ತು. ಆದ್ದರಿಂದ ಕಾಣದಷ್ಟು ತಿಳಿ ಮಾಡಿದಳು. ಅಂಥದ್ದೊಂದು ಬಣ್ಣವನ್ನು ಅವರು ಹಿಂದೆಂದೂ ಒತ್ತಿರಲಿಲ್ಲ.

ಮರುದಿನ ನಟರಾಜು ಚೌಕಟ್ಟು ಕೂರಿಸಿ, ಅಳತೆ ನೋಡಲು ತಯಾರಾಗುವ ಹೊತ್ತಿಗೆ ಕೆಳಗಿನಿಂದ ಖತೀಜಾ ಬಿ ಕೂಗಿದರು. ಯಾರದೋ ಮನೆಯ ದಾವತ್ತಿನಿಂದ ಬಂದ ಬಿರಿಯಾನಿ ಕೊಡಬೇಕಿತ್ತಂತೆ, ಮಂಡಿನೋವು, ಮೆಟ್ಟಿಲು ಹತ್ತಲಾಗದು. ಸಿರಿ ಹೋದಳು. ಮಂಡಿಯ ವಿಷಯ ಕೇಳಿದಳು, ಮೊಮ್ಮಗಳ ಶಾಲೆಯ ವಿಷಯ ಕೇಳಿದಳು. ಬೇಗ ಹತ್ತಿ ಹೋದರೆ ಕೆಲಸ ಬೇಗ ಮುಗಿಯುತ್ತದೆ ಎಂಬ ಹೆದರಿಕೆ ಅವಳನ್ನು ಅಲ್ಲಿ ನಿಲ್ಲಿಸಿತ್ತು. ಡಬ್ಬಿ ಹಿಡಿದು ಮೇಲೆ ಬಂದಾಗ ಅವನು ರಬ್ಬರ್ ಪಟ್ಟಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದ. ಹಣೆಯ ಮೇಲೆ ಬೆವರಿತ್ತು.

"ಇನ್ನೂ ಅಳತೆ ಕೂತಿಲ್ವಾ?"

"ಈಗ ಕೂತ್ಕತ್ತು."

ಮೊದಲ ಹಾಳೆಯನ್ನು ಎಂದಿನಂತೆ ಅವಳ ಕಡೆ ಚಾಚಿದ. ಅವಳು ಕನ್ನಡಿ ಹಿಡಿದು ನೋಡಿದಳು. ಏನೂ ಕಾಣಲಿಲ್ಲ. ಕಿಟಕಿಯ ಬೆಳಕಿಗೆ ಓರೆ ಮಾಡಿದಾಗ ಮಾತ್ರ ಬಂಡೆಯ ಎಡಮಗ್ಗುಲಲ್ಲಿ ತೇವದಂಥ ಒಂದು ಹೊಳಪು ಹಾದುಹೋಯಿತು. ಕಪ್ಪಿನ ಅಂಚಿಗೆ ಸರಿಯಾಗಿ, ಕೂದಲೆಳೆಯೂ ಆಚೀಚೆ ಇಲ್ಲದಂತೆ ಅವನು ಅದನ್ನು ಕೂರಿಸಿದ್ದ.

ಅವನು ಎತ್ತಿದ, ಅವಳು ಇಟ್ಟಳು. ಅವನು ಎಳೆದ, ಅವಳು ತೆಗೆದಳು. ಕಡ್ಡಿಯನ್ನು ಅವನು ಹಿಂದಕ್ಕೆ ತಿರುಗಿಸಿ ಸ್ಕ್ರೂ ಬಿಗಿದಿಟ್ಟಿದ್ದನ್ನು ಅವಳು ಆಗ ಗಮನಿಸಿದಳು. ಅವತ್ತು ಅವನೇ ಕೈಯಲ್ಲಿ ಹಿಡಿಯುತ್ತಿದ್ದ. ಕಾರಣ ಕೇಳಲಿಲ್ಲ. ಕೇಳಿದರೆ ಎಲ್ಲಿ ಮತ್ತೆ ಮುಂದಕ್ಕೆ ತಿರುಗಿಸಿಬಿಡುತ್ತಾನೋ ಎಂದು ಸುಮ್ಮನಿದ್ದಳು. ಹಾಳೆಗಳ ಕಟ್ಟು ಕರಗುತ್ತ ಬಂತು. ತುದಿಯಲ್ಲಿ ಕೆಲವೇ ಹಾಳೆಗಳಿದ್ದಾಗ ಅವಳಿಗೆ ತಂಬೂರಿಯ ತಂತಿ ಕಣ್ಣಿಗೆ ಬಿತ್ತು. ಅಲ್ಲೊಂದು ಗೆರೆ ಬೆಳ್ಳಗೆ ಹೊಳೆಯುವಂತಿದ್ದರೆ? ಬರೀ ಒಂದು ಗೆರೆ. ಬಾಯಿ ತೆರೆಯುವಷ್ಟರಲ್ಲಿ ಅವನೇ ಮಾತಾಡಿದ. ಚೌಕಟ್ಟಿನಿಂದ ಕಣ್ಣೆತ್ತಿರಲಿಲ್ಲ.

"ಐದನೇದು ಬ್ಯಾಡ ಸಿರಿ."

ದನಿ ಮೆತ್ತಗಿತ್ತು. ಅವಳು ಮುಂದಿನ ಕಾಗದ ಇಟ್ಟಳು.

ಮುಗಿದ ಮೇಲೆ ಅವನು ಕಡ್ಡಿಯನ್ನು ಮುಂದಕ್ಕೆ ತಿರುಗಿಸಿ ಸ್ಕ್ರೂ ಸಡಿಲಿಸಿದ. ಸ್ಕ್ರೀನ್ ತೊಳೆಯಲು ಸೀಮೆಎಣ್ಣೆಯ ಡಬ್ಬಿ ಎಳೆದುಕೊಂಡ.

"ನಾನು ತೊಳ್ಕೋತೀನಿ ಬಿಡು," ಎಂದಳು ಸಿರಿ. "ನಿನ್ನ ಬಸ್ಸು."

"ಬಿಟ್ರೆ ಒಣಗೋಯ್ತದೆ. ಬಲೆ ಕಟ್ಕತ್ತದೆ."

"ಗೊತ್ತು."

ಅವನ ಚೀಲ ಬಾಗಿಲ ಪಕ್ಕದಲ್ಲೇ ಇತ್ತು. ಅವಳು ಬಿರಿಯಾನಿಯ ಡಬ್ಬಿಯನ್ನು ಅದರೊಳಗಿಟ್ಟಳು. ಅವನು ಬೇಡವೆನ್ನಲಿಲ್ಲ. ಬಾಗಿಲಲ್ಲಿ ಒಂದು ಗಳಿಗೆ ನಿಂತು, ಹಗ್ಗದ ಹಾಳೆಗಳನ್ನು, ಆಮೇಲೆ ಅವಳನ್ನು ನೋಡಿ, "ಬತ್ತೀನಿ," ಎಂದ. ಹೊರಡುವಾಗ ಎಲ್ಲರೂ ಅನ್ನುವ ಮಾತು. ಮೆಟ್ಟಿಲಿಳಿಯುವ ಸದ್ದು ನಿಂತಿತು. ಕೆಳಗೆ ಖತೀಜಾ ಬಿ, "ಎಲ್ಲಿಗಪ್ಪಾ, ಊರಿಗಾ?" ಎಂದದ್ದು ಕೇಳಿಸಿತು. ಅವನ ಉತ್ತರ ಕೇಳಿಸಲಿಲ್ಲ.

ಸಿರಿ ಸ್ವಲ್ಪ ಹೊತ್ತು ಸ್ಟೂಲಿನ ಮೇಲೆ ಕೂತಿದ್ದಳು. ಬಣ್ಣ ಒಣಗುತ್ತಿದೆ ಎಂದು ಗೊತ್ತಿದ್ದೂ ಕೂತಿದ್ದಳು. ಆಮೇಲೆ ಎದ್ದು ಮೇಜಿನ ಕೆಳಗಿನ ರದ್ದಿಯನ್ನು ಎಳೆದು ಜೋಡಿಸತೊಡಗಿದಳು. ಅದರೊಳಗೆ ಸಿಕ್ಕಿದ್ದು ಅಳತೆ ನೋಡುವ ಹಾಳೆ. ಪ್ರತಿ ಬಣ್ಣಕ್ಕೂ ಮೊದಲು ಅದೇ ಒಂದು ಹಾಳೆಯ ಮೇಲೆ ಎರಡು ಮೂರು ಸಲ ಒತ್ತಿ, ಸರಿಯಾಗಿ ಕೂತಿದೆಯೇ ಎಂದು ನೋಡುವುದು ರೂಢಿ.

ಆ ಹಾಳೆಯಲ್ಲಿ ಬಂಡೆಯ ಎಡಮಗ್ಗುಲು ಕಪ್ಪಿಟ್ಟಿತ್ತು.

ಕಾಣದಷ್ಟು ತಿಳಿ ಮಾಡಿದ ಬಣ್ಣ ಅದು. ಎರಡು ಮೂರು ಸಲಕ್ಕೆ ಅಷ್ಟು ದಟ್ಟವಾಗಲು ಸಾಧ್ಯವಿರಲಿಲ್ಲ. ಹತ್ತು ಸಲಕ್ಕೂ ಆಗುತ್ತಿರಲಿಲ್ಲ. ಅವಳು ಕೆಳಗೆ ಮಂಡಿನೋವಿನ ಮಾತಾಡುತ್ತ ನಿಂತಷ್ಟು ಹೊತ್ತೂ ಅವನು ಇಲ್ಲಿ ಒತ್ತುತ್ತಲೇ ಇದ್ದಿರಬೇಕು. ಮೊದಲ ಸಲವೇ ಸರಿಯಾಗಿ ಕೂತಿದ್ದ ಬಣ್ಣವನ್ನು, ಅದರ ಮೇಲೆಯೇ, ಮತ್ತೆ, ಮತ್ತೆ. ಅಂಚು ಎಲ್ಲೂ ಕದಲಿರಲಿಲ್ಲ. ನಿಜವಾಗಿ ಸಂಜೆಯಾದಂತೆ ಬಂಡೆ ಅರ್ಧ ಮುಳುಗಿತ್ತು.

ಅವಳ ಕೈ ತಾನಾಗಿಯೇ ಕೊರಳ ಕನ್ನಡಿಗೆ ಹೋಯಿತು. ಬಾಗಿದಳು. ಪದರದ ಮೇಲೆ ಪದರ ಸೇರಿ ಒಂದೇ ಆಗಿತ್ತು, ಎಷ್ಟು ಸಲ ಎಂದು ಯಾವ ಕನ್ನಡಿಯೂ ಹೇಳುವಂತಿರಲಿಲ್ಲ. ಮೊಬೈಲ್ ತೆಗೆದು ಅವನ ಹೆಸರು ಹುಡುಕಿದಳು. ಬಸ್ಸು ಇನ್ನೂ ದೂರ ಹೋಗಿರಲಿಕ್ಕಿಲ್ಲ. ಯಾಕೆ ಒತ್ತಿದೆ, ಹೋಗಲು ನಿನಗೂ ಮನಸ್ಸಿರಲಿಲ್ಲವಾ, ಹಾಗಿದ್ದರೆ ಯಾಕೆ ಹೋದೆ. ಮೂರು ಮಾತು ಸಾಕು. ಅವನು ಹೇಳಿಯೂ ಹೇಳುತ್ತಾನೆ. ಹೇಳಿದ್ದನ್ನು ತಾನು ಬೆಳಕಿಗೆ ಹಿಡಿದು ನೋಡುತ್ತೇನೆ.

ಮೊಬೈಲನ್ನು ಮಗುಚಿಟ್ಟಳು. ಕನ್ನಡಿಯನ್ನು ಕೊರಳಿಂದ ತೆಗೆದು ಹಾಳೆಯ ಮೇಲಿಟ್ಟಳು.

ಸ್ಕ್ರೀನಿನ ಅಂಚುಗಳಲ್ಲಿ ಬಣ್ಣ ಆಗಲೇ ಬಿಗಿಯುತ್ತಿತ್ತು. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ, ಒಂದು ಕೈಯಿಂದ ಚೌಕಟ್ಟನ್ನು ಎತ್ತಿದಳು. ಎದುರಿನಿಂದ ಯಾರೋ ಹಿಡಿಯುತ್ತಾರೆಂಬ ರೂಢಿಯಲ್ಲಿ ಅವಳ ಕೈ ಅರ್ಧಕ್ಕೇ ಸಡಿಲವಾಯಿತು. ಹಾಲೆಮರದ ಕಡ್ಡಿ ಜೋತು ಬಂದು ಮೇಜಿಗೆ ಊರಿಕೊಂಡು ನಿಂತಿತು. ಅವಳು ಒರೆಸಲು ಶುರುಮಾಡಿದಳು.