ಅಣ್ಣನ ಐವತ್ತಕ್ಕೆ ಕಟ್ಟಿದ ಹಾಡು

ಯೂರೋಪಿನ ಹಾಡಿನ ಸ್ಪರ್ಧೆಗೆ ನಮ್ಮ ದೇಶದ ಹಾಡು ಆರಿಸುವ ಫೈನಲ್ ದಿನ ಬೆಳಗ್ಗೆ ನಾನು ಈಜುಕೊಳಕ್ಕೆ ಹೋಗಲೇಬಾರದಿತ್ತು. ಮನೆಯಲ್ಲಿ ತೆಪ್ಪಗೆ ಬಿದ್ದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ನಮ್ಮ ಐಸ್‌ಲ್ಯಾಂಡಿನಲ್ಲಿ ಬೆಳಗಾದರೆ ಕೊಳದ ಪಕ್ಕದ ಬಿಸಿನೀರಿನ ತೊಟ್ಟಿಗಿಳಿದು ನಾಲ್ಕು ಮಾತಾಡದಿದ್ದರೆ ಯಾರಿಗೂ ತಿಂದದ್ದು ಅರಗುವುದಿಲ್ಲ.

ತೊಟ್ಟಿಯಲ್ಲಿ ನಮ್ಮ ಬೀದಿಯ ಥೋರ್ಗ್ರಿಮುರ್ ಕತ್ತಿನವರೆಗೆ ಮುಳುಗಿ ಕೂತಿದ್ದ. ಬಸ್ ಓಡಿಸಿ ರಿಟೈರ್ ಆದವನು.

"ಏನ್ ಹಾಲ್‌ಬೆರಾ, ಇವತ್ತು ಮಗಳನ್ನ ಯೂರೋಪಿಗೆ ಹಾಡೋಕೆ ಕಳಿಸಿಬಿಡ್ತೀಯ ಅನ್ನು. ಹಾಡೇನೋ ಚೆನ್ನಾಗಿದೆ ಕಣಮ್ಮ. ಆದ್ರೆ ಅದೇ ರಾಗಕ್ಕೆ ನಿಮ್ಮಣ್ಣನ ಬೋಳುತಲೆ ಮೇಲೆ ಹಾಡಿದ್ಯಲ್ಲ, ಅದೇ ವಾಸಿ ಇತ್ತು."

ಎಲ್ಲರೂ ನಕ್ಕರು. ಬಿಸಿನೀರಲ್ಲೂ ನನ್ನ ಮೈ ತಣ್ಣಗಾಯಿತು.

"ನನ್ ಹೆಂಡ್ತಿ ಹತ್ರ ವಿಡಿಯೊ ಇದೆ. ನೀವು ಗೆದ್ದ ತಕ್ಷಣ ಊರಿಗೆಲ್ಲ ಕಳಿಸ್ತಾಳಂತೆ," ಅಂದ.

ಬೇಡ ಅಂದರೆ ಯಾಕೆ ಅಂತಾನೆ. ತೊಟ್ಟಿಯಲ್ಲಿ ಆಡಿದ ಮಾತು ಮಧ್ಯಾಹ್ನಕ್ಕೆಲ್ಲ ರೇಕ್ಯಾವಿಕ್ ಮುಟ್ಟುತ್ತದೆ. ಹಲ್ಲುಕಿರಿದು ಎದ್ದು ಬಂದೆ.

ನಮ್ಮಲ್ಲಿ ಐವತ್ತು ತುಂಬಿದವರಿಗೆ ನೆಂಟರು ಹಾಡು ಕಟ್ಟಿ ಕಾಲೆಳೆಯುವುದು ರೂಢಿ. ಅಣ್ಣ ಸ್ಟೇನಾರ್‌ಗೆ ಐವತ್ತಾದದ್ದು ಆಗಸ್ಟಿನಲ್ಲಿ. ನೂರು ಜನರೆದುರು ಹಾಡಿದ್ದೆ. ಆಮೇಲೆ ಅದೇ ರಾಗಕ್ಕೆ ಬೇರೆ ಮಾತು ಕಟ್ಟಿ, ಮಗಳು ಹಾಡಲಿ ಅಂತ ಸ್ಪರ್ಧೆಗೆ ಕಳಿಸಿದೆ. ಅದರ ಅರ್ಜಿಯಲ್ಲೋ, ಸೆಪ್ಟೆಂಬರ್ ಒಂದಕ್ಕೆ ಮೊದಲು ಈ ಹಾಡು ಹೊರಗೆ ಬಂದಿಲ್ಲ ಅಂತ ಸಹಿ ಹಾಕಬೇಕು. ಹುಟ್ಟುಹಬ್ಬದ ತಮಾಷೆಯನ್ನು ಯಾರು ಕೇಳ್ತಾರೆ ಅಂತ ಹಾಕಿಬಿಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಆಗ ಡೆನ್ಮಾರ್ಕಿನಲ್ಲಿ ಓದುತ್ತಿದ್ದ ಮಗಳು ಸುನ್ನೇವಾಗೆ ಇದ್ಯಾವುದೂ ಗೊತ್ತಿಲ್ಲ. ಗೆದ್ದಮೇಲೆ ಸಿಕ್ಕಿಬಿದ್ದರೆ ಅವಳನ್ನೇ ಕಳ್ಳಿ ಅಂತಾರೆ. ನಾಲ್ಕು ಲಕ್ಷ ಜನರ ದೇಶದಲ್ಲಿ ಅವಳು ಮುಖ ಮುಚ್ಚಿಕೊಂಡು ಎಲ್ಲಿಗೆ ಹೋಗಬೇಕು?

ಸಂಜೆ ಸ್ಪರ್ಧಿಗಳ ಸೋಫಾದಲ್ಲಿ ಅವಳ ಪಕ್ಕ ಕೂತಿದ್ದೆ. ಕೊನೆಗೆ ಉಳಿದದ್ದು ಎರಡೇ ಹಾಡು, ನಮ್ಮದು ಮತ್ತು ಅಕುರೇರಿ ಊರಿನ ಅಣ್ಣತಮ್ಮಂದಿರದು. ಇನ್ನೇನಿದ್ದರೂ ಜನರ ಓಟು. ನಾನು ಶಾಲಿನ ಮರೆಯಲ್ಲಿ ಫೋನ್ ಹಿಡಿದು ಒತ್ತತೊಡಗಿದೆ. ದೇವರೇ, ನನ್ನ ಮಗಳು ಸೋಲಲಿ ಅಂತ ಬೇಡಿಕೊಳ್ಳುತ್ತಿದ್ದೆ.

"ಅಮ್ಮಾ, ಅದು ಅವ್ರ ನಂಬರು," ಅಂದಳು ಸುನ್ನೇವಾ.

"ಗೊತ್ತು."

"ಗೊತ್ತಾ? ತಲೆಗಿಲೆ ಕೆಟ್ಟಿದ್ಯಾ ನಿಂಗೆ?"

ಕ್ಯಾಮೆರಾ ಆಚೆ ತಿರುಗಿದಾಗ ಅವಳ ಕಿವಿಯಲ್ಲಿ ಎಲ್ಲ ಹೇಳಿದೆ. ಆಗಸ್ಟು, ಸಹಿ, ವಿಡಿಯೊ. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

"ಎಷ್ಟು ಜನ ಕೇಳಿದಾರೆ?"

"ನೂರು."

"ನೂರು ಜನಾನೂ ಬಾಯಿ ಮುಚ್ಕೊಂಡಿರ್ತಾರಾ?"

"ಇಲ್ಲ ಕಂದ."

ಅಷ್ಟರಲ್ಲಿ ನಮ್ಮ ಹೆಸರು ಕೂಗಿದರು. ಇಡೀ ಸಭಾಂಗಣ ಎದ್ದು ನಿಂತಿತು, ನಾವಿಬ್ಬರೂ ಕೂತೇ ಇದ್ದೆವು. ಅಲ್ಲಿಯವರೆಗೆ ಹೆದರಿಕೆ ನನ್ನೊಬ್ಬಳದಾಗಿತ್ತು. ಈಗ ಅವಳ ಮುಖದಲ್ಲೂ ರಕ್ತವಿರಲಿಲ್ಲ. ಯಾರೋ ಬಂದು ಅವಳನ್ನು ಎಬ್ಬಿಸಿಕೊಂಡು ಹೋಗಿ ಕೈಗೆ ಮೈಕ್ ಕೊಟ್ಟರು. ಗೆದ್ದವರು ಇನ್ನೊಮ್ಮೆ ಹಾಡಬೇಕಲ್ಲ. ಮೊದಲ ಸಾಲಿಗೇ ಅವಳ ದನಿ ನಡುಗಿತು. ಸಂತೋಷಕ್ಕೆ ಅಂದುಕೊಂಡ ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.