ಬೋರ್ಡಿನ ಕೆಳಗರ್ಧ

ಇದ್ದಿಲಿನ ಜೊತೆ ತೊಂಡೆಸೊಪ್ಪು ಅರೆಯುತ್ತಿದ್ದ ಮಂಜುಶ್ರೀ ಒರಳುಕಲ್ಲಿನಿಂದ ಕೈ ಎತ್ತಿದಳು. ಶುಂಠಿ ಕಷಾಯದ ಲೋಟ ಒಯ್ದಿದ್ದ ಮಗಳು ಚೈತ್ರಶ್ರೀ ತುಂಬಿದ ಲೋಟದ ಸಮೇತ ವಾಪಸು ಬಂದು ನಿಂತಿದ್ದಳು.

"ತಾತ ಏಳ್ತಿಲ್ಲ ಅಮ್ಮ. ಮೂಗು ಹಿಡಿದ್ರೂ ಏಳ್ತಿಲ್ಲ."

ಮಂಜುಶ್ರೀ ಕರಿ ಕೈಯಲ್ಲೇ ಒಳಗೆ ಓಡಿದಳು. ಮಾವನ ಹಣೆ ಮುಟ್ಟಿದಳು. ಹಣೆ ತಣ್ಣಗಿತ್ತು. ಅದರ ಮೇಲೆ ಅವಳ ಬೆರಳಿನ ಮಸಿ ಮೂರು ಗೆರೆ ಎಳೆದಿತ್ತು.

ಆ ಮನೆಯಲ್ಲಿ ಪ್ರತಿ ಶನಿವಾರ ಇದ್ದಿಲು ಅರೆಯುತ್ತಿದ್ದದ್ದು ಭಜನೆಮನೆ ಗೋಡೆಯ ಬೋರ್ಡಿಗೆ ಬಳಿಯಲು. ರಿಟೈರಾದ ಮೇಲೆ ಮಾವ ಜವರಪ್ಪ ಮೇಷ್ಟ್ರು ಸಂಜೆ ಅದರ ಮೇಲೆ ವಾರಕ್ಕೊಂದು ಧರ್ಮವಾಕ್ಯ ಬರೆಯುತ್ತಿದ್ದರು. ಬೀಡಿ, ಇಸ್ಪೀಟು, ಸಿನಿಮಾ, ಮದುವೆಮನೆಯ ಎರಡನೇ ಹೋಳಿಗೆ, ಬಾಯಿಬಿಟ್ಟು ನಗುವುದು, ಒಂದೊಂದಕ್ಕೂ ಅವರು ಒಂದೊಂದು ನರಕ ಗೊತ್ತುಮಾಡಿದ್ದರು. ಭಾನುವಾರ ಬೆಳಗಾಗುವಷ್ಟರಲ್ಲಿ ಅದರ ಕೆಳಗೆ ಯಾರೋ ಉತ್ತರ ಬರೆದಿರುತ್ತಿದ್ದರು. ಪಾಳ್ಯದ ಸಂತೆಗೆ ಹೋಗುವವರೂ ನಿಂತು ಎರಡನ್ನೂ ಓದಿಕೊಂಡು ಹೋಗುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತು. ಮೇಷ್ಟ್ರನ್ನು ಜಗಲಿಯಲ್ಲಿ ಮಲಗಿಸಿದ್ದರು. ತಲೆಯ ಹತ್ತಿರ ಹೆಂಡತಿ ಸುಲೋಚನಮ್ಮ ಕೂತಿದ್ದರು, ಯಾವತ್ತಿನಂತೆ ನೆಲ ನೋಡಿಕೊಂಡು.

"'ನಗುವುದು ನರಕದ ಮೆಟ್ಟಿಲು' ಅಂತ ಬರೆದಿದ್ರಲ್ಲ, ನೆಪ್ಪೈತಾ?" ಎಂದರು ಪಕ್ಕದ ಮನೆಯ ಮುನಿಯಮ್ಮ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ.

"ಇಲ್ದೆ ಏನು?" ಎಂದ ಬೋರಯ್ಯ. "ಕೆಳಗೆ ಏನಿತ್ತು ಹೇಳು? 'ನರಕಕ್ಕೂ ಮೆಟ್ಟಿಲು ಐತೆ, ನಮ್ಮೂರ ಸ್ಕೂಲಿಗಿಲ್ಲ.' ಪಂಚಾಯ್ತಿಯೋರು ವಾರದೊಳಗೆ ಮೆಟ್ಟಿಲು ಕಟ್ಟಿಸಿಬುಟ್ರು ಕಣಮ್ಮ."

"ಬಾವಿಕಟ್ಟೇದು? ಹೆಂಗಸ್ರು ಅಲ್ಲಿ ಹರಟಬಾರ್ದು, ದೇವರ ನಾಮ ಹೇಳ್ಬೇಕು ಅಂದ್ರು ಮೇಷ್ಟ್ರು."

"'ಹೇಳ್ತೀವಿ. ದೇವರೇ, ಕೊಡ ಹೊರೋಕೆ ಒಬ್ಬ ಗಂಡಸನ್ನ ಕಳಿಸು.'"

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ದೂರದಿಂದ ನೋಡಿದವರಿಗೆ ಎಲ್ಲರೂ ಬಿಕ್ಕುತ್ತಿರುವಂತೆ ಕಂಡಿರಬೇಕು. ಸುಲೋಚನಮ್ಮ ಮಾತ್ರ ಅಲುಗಲಿಲ್ಲ.

ಚೈತ್ರಶ್ರೀ ಅಮ್ಮನ ಸೆರಗು ಎಳೆದಳು. "ಅಮ್ಮ, ಒಂದ್ ಕೇಳ್ಲಾ?"

"ಆಮೇಲೆ ಮಗ. ಸ್ನಾನಕ್ಕೆ ನೀರು ಕಾಯ್ಬೇಕು."

ಅಷ್ಟರಲ್ಲಿ ಬೇಲಿಯ ಹತ್ತಿರ ಗುಂಡಯ್ಯ ಕಾಣಿಸಿಕೊಂಡ. ಭಜನೆಮನೆ ಎದುರಿಗೇ ಅವನ ಕಾಫಿ ಹೋಟೆಲು. ಹನ್ನೆರಡು ವರ್ಷದಿಂದ ಅವನು ಈ ಅಂಗಳಕ್ಕೆ ಕಾಲಿಟ್ಟಿರಲಿಲ್ಲ.

*

ಎಂಬತ್ತೊಂಬತ್ತನೇ ಇಸವಿಯಲ್ಲಿ ಒಂದು ಶನಿವಾರ ಮೇಷ್ಟ್ರು ಬರೆದಿದ್ದರು: "ಹೋಟೆಲಿನ ಕಾಫಿ ನಾಲಿಗೆಯ ಚಪಲ. ಚಪಲ ಬಿಟ್ಟವನಿಗೇ ಸ್ವರ್ಗ."

ಮರುದಿನ ಕೆಳಗೆ ಹೀಗಿತ್ತು: "ಸ್ವರ್ಗದಲ್ಲಿ ಕಾಫಿ ಇಲ್ಲದಿದ್ದರೆ ನಮ್ಮ ಕಡೆಯವರು ಅಲ್ಲಿ ಎಷ್ಟು ದಿನ ಇದ್ದಾರು?"

ಕಾಫಿ ಮಾರುವವನು ಊರಿಗೆ ಒಬ್ಬನೇ. ಮೇಷ್ಟ್ರು ಸೀದಾ ಹೋಟೆಲಿಗೆ ಹೋಗಿ, "ಇನ್ನು ನನ್ನ ಮನೆ ಕಡೆ ತಲೆ ಹಾಕ್ಬೇಡ" ಅಂದು ಬಂದರು. ಗುಂಡಯ್ಯ ಇಲ್ಲ ಎನ್ನಲು ಬಾಯಿ ತೆರೆದಿದ್ದ. ಆದರೆ ಕೂತಿದ್ದ ಗಿರಾಕಿಗಳೆಲ್ಲ ಬೆನ್ನು ತಟ್ಟಿ ಇನ್ನೊಂದೊಂದು ಲೋಟ ಕಾಫಿ ಹೇಳಿದರು. ತೆರೆದ ಬಾಯನ್ನು ಅವನು ಹಾಗೇ ಮುಚ್ಚಿಕೊಂಡ.

*

ಹೊಲದ ಬದುವಿನ ಪಕ್ಕ ಗುಣಿ ತೋಡಿದ್ದರು. ಮೇಷ್ಟ್ರ ಮಗ ಧರ್ಮ ಮೊದಲ ಹಿಡಿ ಮಣ್ಣು ಹಾಕಿದ. ಆಮೇಲೆ ನೆಂಟರು, ಭಜನೆಯವರು, ಮೇಷ್ಟ್ರ ಹತ್ತಿರ ಕಲಿತ ಹುಡುಗರು. ಗುಂಡಯ್ಯ ಬಗ್ಗಿ ಮಣ್ಣು ತಗೊಂಡಾಗ ಭಜನೆ ಮಂಡಳಿಯ ಪುಟ್ಟಸ್ವಾಮಿ ಅವನ ಮುಂಗೈ ಹಿಡಿದ.

"ನಿಂತ್ಕೊ ಗುಂಡಯ್ಯ. ಬದುಕಿರೋವರ್ಗೂ ಆಡ್ಕೊಂಡು ನಕ್ಕು, ಈಗ ಮಣ್ಣು ಹಾಕೋಕೆ ಬಂದಿದ್ದೀಯ? ಮೊದ್ಲು ತಪ್ಪಾಯ್ತು ಅನ್ನು, ಇಷ್ಟು ಜನದ ಮುಂದೆ."

"ಯಾಕಪ್ಪ ಈಗ ಅದೆಲ್ಲ," ಎಂದ ಧರ್ಮ.

"ಇದ್ರಲ್ಲಿ ನೀನು ಮಾತಾಡ್ಬೇಡ. ಅವ್ರು ಕೊನೇವರ್ಗೂ ಇವ್ನ ಮುಖ ನೋಡ್ಲಿಲ್ಲ."

"ನೋಡ್ಲಿಲ್ಲ, ನಿಜ," ಎಂದ ಗುಂಡಯ್ಯ. "ಆದ್ರೆ ಈಗ ಮೂರು ವರ್ಷದಿಂದ ದೀಪಾವಳಿಗೆ ಒಂದೊಂದು ಬಾಳೆಗೊನೆ ಕಳಿಸ್ತಿದ್ರು. ಯಾಕೆ ಅಂತ ನಂಗೂ ತಿಳೀಲಿಲ್ಲ."

"ಅದು ಅವ್ರ ದೊಡ್ಡತನ. ನಿಂದೇನು?"

ಗುಂಡಯ್ಯ ಕೈಯ ಮಣ್ಣು ನೋಡಿಕೊಂಡ. ಎರಡನೇ ಕ್ಲಾಸಿನಲ್ಲಿ ಅವನ ಕೈ ಹಿಡಿದು ಅಕ್ಷರ ತಿದ್ದಿಸಿದವರು ಕೆಳಗೆ ಮಲಗಿದ್ದರು. ಅವರಿಗೆ ಮಣ್ಣು ಹಾಕದೆ ಮನೆಗೆ ಹೋಗಲು ಅವನಿಗೆ ಮನಸ್ಸಿರಲಿಲ್ಲ.

"ಅಮ್ಮ, ಈಗ ಕೇಳ್ಲಾ?" ಎಂದಳು ಚೈತ್ರಶ್ರೀ.

"ಶ್, ಒಂಚೂರು ತಾಳು ಮಗ."

*

ಹೋದ ಚಳಿಗಾಲದಲ್ಲಿ ಒಂದು ಸಂಜೆ ತಾತ ಬರೆಯುವಾಗ ಚೈತ್ರಶ್ರೀ ಮೊದಲ ಸಲ ಸ್ಟೂಲು ಹಿಡಿದುಕೊಂಡಿದ್ದಳು; ಆಮೇಲೆ ಅದು ಅವಳ ವಾರವಾರದ ಕೆಲಸವೇ ಆಯಿತು. ವಾಕ್ಯ ಬೋರ್ಡಿನ ನಡುವಿಗೇ ಮುಗಿಯಿತು.

"ಕೆಳಗೆ ಇನ್ನೂ ಜಾಗ ಐತೆ ತಾತ."

"ಇರ್ಲಿ. ಅದು ನಂದಲ್ಲ."

ತಾತ ಚಾಕ್‌ಪೀಸನ್ನು ಎರಡು ತುಂಡು ಮಾಡಿ ಒಂದನ್ನು ಬೋರ್ಡಿನ ಪಟ್ಟಿಯ ಮೇಲಿಟ್ಟರು. ಇಬ್ಬನಿಗೆ ನೆನೆಯದಿರಲಿ ಎಂದು ಅದರ ಮೇಲೆ ಒಂದು ತೆಂಗಿನ ಚಿಪ್ಪು ಬೋರಲು ಹಾಕಿದರು. ಮನೆಗೆ ಬರುವಾಗ ದಾರಿಯುದ್ದಕ್ಕೂ ಏನನ್ನೋ ನೆನೆದು ಅವರ ಹೆಗಲು ಕುಲುಕುತ್ತಿತ್ತು. ತಾತ ನಗುತ್ತಿದ್ದಾರೆ ಎಂದು ಗೊತ್ತಾಗಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅದುವರೆಗೂ ಅವರು ನಕ್ಕದ್ದನ್ನು ಅವಳು ನೋಡೇ ಇರಲಿಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ, ಎಂದಿನಂತೆ ಭಜನೆಮನೆ ಗುಡಿಸಲು ಹೋದ ಅಜ್ಜಿ ವಾಪಸು ಬಂದರು. ಕೈಕಾಲು ತೊಳೆಯುವಾಗ ಬೆರಳಿನಿಂದ ಬಿಳಿ ನೀರು ಇಳಿಯಿತು.

*

"ಆಯ್ತು ಬಿಡು ಪುಟ್ಟಸ್ವಾಮಿ, ಹೇಳ್ತೀನಿ," ಎಂದ ಗುಂಡಯ್ಯ. ಹೆಗಲ ಮೇಲಿನ ಟವೆಲನ್ನು ಇನ್ನೊಂದು ಕೈಯಲ್ಲಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ. "ಮೇಷ್ಟ್ರೇ, ತಪ್ಪಾ..."

"ಅವನ್ನ ಬುಡಿ."

ಯಾರ ಮಾತು ಎಂದು ಜನ ಹಿಂದೆ ಮುಂದೆ ನೋಡಿದರು. ಸುಲೋಚನಮ್ಮ ಗುಣಿಯ ಅಂಚಿಗೆ ಬಂದಿದ್ದರು.

"ಗುಂಡಯ್ಯ ಬರೀಲಿಲ್ಲ. ಬರ್ದೋಳು ನಾನು."

ಬೋರಯ್ಯನ ಬಾಯಿಂದ ಎಲೆಅಡಿಕೆ ಜಾರಿತು. "ಎಲ್ಲಾನೂವಾ ಅಕ್ಕ?"

"ಎಲ್ಲಾನೂ." ಅವರು ಸೊಂಟದ ಗಂಟು ಬಿಚ್ಚಿ ಅರ್ಧ ಚಾಕ್‌ಪೀಸು ತೆಗೆದರು. "ಮದುವೆಯಾಗಿ ಬಂದಾಗ ಅಡಿಗೆಮನೆ ನೆಲದ ಮೇಲೆ ಕೂರಿಸ್ಕೊಂಡು ಅಕ್ಷರ ಕಲಿಸಿದ್ರು. ಎದುರಿಗೆ ನಿಂತು ಮಾತಾಡೋ ಧೈರ್ಯ ಇರ್ಲಿಲ್ಲ, ಬರ್ದೆ. ಗುಂಡಯ್ಯ, ನಿಂಗೆ ಕೆಟ್ಟ ಹೆಸರು ತಂದೆ ಕಣಪ್ಪ."

"ಕೆಟ್ಟ ಹೆಸರೇನು ಬಂತು ತಾಯಿ. ನನ್ನ ಹೋಟ್ಲು ನಡೆದಿದ್ದೇ ಅದ್ರಿಂದ," ಎಂದ ಗುಂಡಯ್ಯ.

ಯಾರೋ ನಕ್ಕರು, ಆಮೇಲೆ ಮುನಿಯಮ್ಮ, ಆಮೇಲೆ ತಡೆಯಲಾಗದೆ ಇನ್ನೂ ನಾಲ್ಕು ಜನ. ಪುಟ್ಟಸ್ವಾಮಿ ಗುಂಡಯ್ಯನ ಮುಂಗೈ ಬಿಟ್ಟ. ಗುಂಡಯ್ಯ ಮಣ್ಣು ಹಾಕಿದ, ಒಂದಲ್ಲ, ಮೂರು ಹಿಡಿ.

ಸುಲೋಚನಮ್ಮ ನಗಲಿಲ್ಲ. ಗುಣಿಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು: "ಹನ್ನೆರಡು ವರ್ಷ ಕಳ್ಳಿ ಥರ ಕದ್ದು ಬರ್ದೆ. ನಾನು ಅಂತ ಒಂದ್ಸಲನಾದ್ರೂ ಹೇಳ್ಬೇಕಿತ್ತು. ಏನೂ ಗೊತ್ತಿಲ್ದೆ ಹೋಗ್ಬುಟ್ರು."

ಮಂಜುಶ್ರೀ ಮಗಳ ಕಡೆ ನೋಡಿದಳು. ಬೆಳಗಿನಿಂದ ಎಷ್ಟು ಸಲ ಆಮೇಲೆ ಅಂದಿದ್ದೆ ಎಂದು ಆಗ ನೆನಪಾಯಿತು.

"ಈಗ ಕೇಳು ಮಗ."

ಚೈತ್ರಶ್ರೀ ಜನರ ನಡುವೆ ನುಸುಳಿ ಹೋಗಿ ಅಜ್ಜಿಯ ಅಂಗೈಯನ್ನು ಬಿಡಿಸಿದಳು. ಬೆವರಿಗೆ ಚಾಕ್‌ಪೀಸು ಕರಗಿ ಗೆರೆಗಳೆಲ್ಲ ಬೆಳ್ಳಗಾಗಿದ್ದವು.

"ಅಜ್ಜಿ, ಹಂಗಾದ್ರೆ ತಾತ ವಾರವಾರ ಬೋರ್ಡಿನ ಕೆಳಗೆ ಜಾಗ ಬಿಟ್ಟು, ಚಾಕ್‌ಪೀಸ್ ಮುರಿದು, ನೆನೀದಂಗೆ ಚಿಪ್ಪು ಮುಚ್ಚಿ ಬರ್ತಿದ್ದದ್ದು ಯಾರಿಗೆ?"